ವಿಜ್ಞಾನ ಸಂಸ್ಥೆಯ ತೆರೆದ ಬಾಗಿಲು

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು 1909ನೆಯ ಇಸವಿಯಲ್ಲಿ ಸ್ಥಾಪಿತವಾಯಿತು. ಜಮ್ಶೇಟ್‌ಜಿ ಟಾಟಾರವರ ದಾನಸಂಕಲ್ಪವೂ ಮೈಸೂರು ಅರಸು ಮನೆತನವು ಕೊಟ್ಟ ಭೂಮಿಯೂ ಇದಕ್ಕೆ ಆಧಾರವಾದವು. ಇಲ್ಲಿ ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ಫೆಬ್ರವರಿ ಇಲ್ಲವೆ ಮಾರ್ಚ್ ತಿಂಗಳಲ್ಲಿ, ಸಾರ್ವಜನಿಕರಿಗಾಗಿ ಮುಕ್ತ ದಿನವನ್ನು ಏರ್ಪಡಿಸುವರು. ಅಂದು ಪ್ರವೇಶಕ್ಕೆ ಶುಲ್ಕವಿಲ್ಲ. ಸಂಶೋಧಕರೇ ತಮ್ಮ ಉಪಕರಣಗಳ ಬಳಿ ನಿಂತು, ಬಂದವರಿಗೆ ಪ್ರಯೋಗಗಳನ್ನು ತೋರಿಸಿ ವಿವರಿಸುವರು.

ಈ ಬಾಗಿಲು ಸ್ತ್ರೀಯರಿಗೆ ಸುಲಭವಾಗಿ ತೆರೆದುದಲ್ಲ. 1933ರಲ್ಲಿ ಮುಂಬಯಿಯ ಪದವೀಧರೆಯಾದ ಕಮಲಾ ಭಾಗವತರು ಪ್ರವೇಶವನ್ನು ಬೇಡಿದಾಗ, ಅಂದಿನ ನಿರ್ದೇಶಕರಾದ ಸರ್ ಸಿ. ವಿ. ರಾಮನ್ನರು ಹೆಣ್ಣೆಂಬ ಕಾರಣದಿಂದ ನಿರಾಕರಿಸಿದರು. ಕಮಲಾರವರು ಹಿಂಜರಿಯಲಿಲ್ಲ. ಕಡೆಗೆ ಒಂದು ವರ್ಷದ ಪರೀಕ್ಷಾವಧಿಯ ನಿಬಂಧನೆಯ ಮೇಲೆ ಪ್ರವೇಶ ದೊರೆಯಿತು. ಹಾಲು, ಬೇಳೆಕಾಳುಗಳ ಪ್ರೋಟೀನುಗಳನ್ನು ಶೋಧಿಸಿ ಅವರು ತಮ್ಮ ಯೋಗ್ಯತೆಯನ್ನು ತೋರಿಸಿದರು. 1939ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಡಾಕ್ಟರ್ ಪದವಿಯನ್ನು ಪಡೆದರು. ತರುವಾಯ ಕನ್ನಡನಾಡಿನವರೇ ಆದ ರಾಜೇಶ್ವರಿ ಚಟರ್ಜಿಯವರು ಅದೇ ಸಂಸ್ಥೆಯಲ್ಲಿ ಇಂಜಿನಿಯರಿಂಗ್ ಪ್ರಾಧ್ಯಾಪಕಿಯಾದರು.

ಇಷ್ಟು ಕಷ್ಟದಿಂದ ತೆರೆದ ಬಾಗಿಲೊಳಗೆ ನಮ್ಮ ಆನೆಗೊಂದಿಯ ಬಾಲಿಕೆಯು ಬರಿಗೈಯಿಂದ ಹೋಗಬಾರದು. ತನ್ನೂರಿನದೊಂದು ಪ್ರಶ್ನೆಯನ್ನು ಒಯ್ಯಬೇಕು. ತುಂಗಭದ್ರೆಯ ದಡದ ಗುಂಡುಬಂಡೆಗಳನ್ನು ಒಂದರ ಮೇಲೊಂದು ಪೇರಿಸಿದವರಾರು? ಯಾರೂ ಅಲ್ಲವೆಂದು ಭೂವಿಜ್ಞಾನವು ತಿಳಿಸುವದು. ಸುಮಾರು 250 ಕೋಟಿ ವರ್ಷಗಳ ಹಿಂದೆ ಭೂಗರ್ಭದಲ್ಲಿ ಗಟ್ಟಿಯಾದ ಕಣಶಿಲೆಯು ಕಾಲಾಂತರದಲ್ಲಿ ಬಿರುಕುಬಿಟ್ಟಿತು; ಬಿರುಕುಗಳೊಳಗೆ ನೀರಿಳಿದು ಅಂಚುಗಳು ಸವೆದವು; ಪುಡಿಯು ಕೊಚ್ಚಿಹೋಗಿ ಗುಂಡುಗಳು ನಿಂತಲ್ಲಿಯೇ ಉಳಿದವು.

ಆದುದರಿಂದ ತಾಯಿತಂದೆಗಳೇ, ಮಗಳನ್ನು ಕೇವಲ ನೋಟಕ್ಕಾಗಿ ಕರೆದೊಯ್ಯಬೇಡಿರಿ. ಕೇಳುವ ಧೈರ್ಯವನ್ನೂ ಅವಳಿಗೆ ಕೊಟ್ಟು ಕಳುಹಿಸಿರಿ.