ಟ್ರಯಲ್‌ಗೆ ಸಹಿ ಹಾಕುವ ಮುನ್ನ

ಪಲ್ಲಡಂ ಸುತ್ತಿನ ಕೊಯಮತ್ತೂರು–ತಿರುಪ್ಪೂರು ಸೀಮೆಯಲ್ಲಿ ಎಷ್ಟೋ ದೇವಾಂಗ ಮನೆಗಳ ಮಾತು ಕನ್ನಡ, ಓದು ತಮಿಳು. ಅಂಥ ಮನೆಯ ಹಿರಿಯರಿಗೆ ಕ್ಯಾನ್ಸರ್ ಉಲ್ಬಣಿಸಿ, ‘ಎರಡು ಕೀಮೋ ಔಷಧ ಸೇರಿಸಿ ಕೊಡುವ ಟ್ರಯಲ್ ಇದೆ, ಸೇರುತ್ತೀರಾ?’ ಎಂದು ಆಸ್ಪತ್ರೆಯಲ್ಲಿ ಕೇಳಿದರೆ, ಮುಂದಿಡುವ ಕಾಗದ ರೋಗಿಗೆ ತಿಳಿಯುವ ಭಾಷೆಯಲ್ಲೇ ಇರಬೇಕು. ಇದು 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳು ಕೊಟ್ಟಿರುವ ಹಕ್ಕು. ತಮಿಳು ಪ್ರತಿಯನ್ನೇ ಕೇಳಿ ಪಡೆಯಿರಿ. ವಿವರಣೆ ಕನ್ನಡದಲ್ಲಿ ಬೇಕೆಂದರೆ ಹಾಗೆಂದು ಹೇಳಿ. ರೋಗಿಗೆ ಓದಲು ಬಾರದಿದ್ದರೆ, ಟ್ರಯಲ್‌ಗೆ ಸಂಬಂಧಪಡದ ಸಾಕ್ಷಿಯೊಬ್ಬರು ಮಾತುಕತೆ ಮುಗಿಯುವವರೆಗೂ ಜೊತೆಗಿದ್ದು ಸಹಿ ಮಾಡಬೇಕು. ಸಹಿಯಾದ ಒಂದು ಪ್ರತಿ ನಿಮ್ಮ ಕೈಗೆ ಬರಬೇಕು.

ಮೊದಲ ಹಂತದ ಟ್ರಯಲ್ ಮುಖ್ಯವಾಗಿ ಹುಡುಕುವುದು ದೇಹ ಎಷ್ಟು ಡೋಸ್ ತಾಳುತ್ತದೆ ಎಂಬುದನ್ನು. ಗುಣವಾಗುವ ಭರವಸೆಯನ್ನು ಅದು ಕೊಡುವುದಿಲ್ಲ. ಬಳಕೆಯಲ್ಲಿರುವ ಒಂದು ಪದ್ಧತಿಯಲ್ಲಿ ಮೂವರಿಗೆ ಒಂದು ಡೋಸ್ ಕೊಟ್ಟು ಕಾಯುತ್ತಾರೆ. ಯಾರಿಗೂ ತೀವ್ರ ತೊಂದರೆಯಾಗದಿದ್ದರೆ ಮುಂದಿನ ಮೂವರಿಗೆ ಹೆಚ್ಚಿನ ಡೋಸ್. ಒಬ್ಬರಿಗಾದರೆ ಅದೇ ಡೋಸ್ ಇನ್ನೂ ಮೂವರಿಗೆ. ಇಬ್ಬರಿಗಾದರೆ ಏರಿಕೆ ನಿಲ್ಲುತ್ತದೆ. ಬಿಳಿ ರಕ್ತಕಣ ಇಳಿಸುವ ಎರಡು ಔಷಧ ಒಟ್ಟಿಗೆ ಸೇರಿದರೆ ಸೋಂಕಿನ ಅಪಾಯವೂ ಹೆಚ್ಚುತ್ತದೆ. ಹಾಗಾಗಿ ಕೇಳಿ: ನನಗೆ ಕೊಡುವುದು ಎಷ್ಟನೆಯ ಡೋಸ್? ನನಗಿಂತ ಮುಂಚೆ ಅದನ್ನು ಪಡೆದವರಿಗೆ ಏನಾಯಿತು? ಸೇರದಿದ್ದರೆ ಬೇರೆ ಚಿಕಿತ್ಸೆ ಏನಿದೆ? ಕೊನೆಯ ಪ್ರಶ್ನೆಗೆ ಉತ್ತರ ಮಾಹಿತಿ ಪತ್ರದಲ್ಲೇ ಇರಬೇಕು.

ಕೇಳದೆ ಬಿಟ್ಟರೆ ಏನಾಗಬಹುದೆಂಬುದು ದೂರದ ಮಾತಲ್ಲ. 1999–2000ರಲ್ಲಿ ತಿರುವನಂತಪುರದ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರದಲ್ಲಿ ಬಾಯಿ ಕ್ಯಾನ್ಸರ್ ರೋಗಿಗಳಿಗೆ ಸರಿಯಾಗಿ ತಿಳಿಸದೆ ಪ್ರಯೋಗದ ರಾಸಾಯನಿಕಗಳನ್ನು ಚುಚ್ಚಲಾಯಿತು. ಅದರಲ್ಲಿ ಪಾಲಿದ್ದ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯ 2001ರಲ್ಲಿ ತನ್ನ ವಿಜ್ಞಾನಿಯ ಮೇಲೆ ಕ್ರಮ ಕೈಗೊಂಡಿತು.

ಟ್ರಯಲ್‌ನಲ್ಲಿ ಅನಾಹುತವಾದರೆ ಪ್ರಧಾನ ವೈದ್ಯರು 24 ಗಂಟೆಯೊಳಗೆ ವರದಿ ಮಾಡಬೇಕು, ಚಿಕಿತ್ಸೆ ಉಚಿತ. ಸಾವು ಸಂಭವಿಸಿ, ಅದಕ್ಕೆ ಟ್ರಯಲ್ ಕಾರಣವೆಂದು ಕಂಡರೆ 90 ದಿನದೊಳಗೆ ಪರಿಹಾರದ ಆದೇಶ, ಆಮೇಲೆ 30 ದಿನದಲ್ಲಿ ಹಣ. ರೋಗದಿಂದಲೇ ಆದ ಸಾವಿಗೆ ಪರಿಹಾರವಿಲ್ಲ. ಲೆಕ್ಕದ ಮೂಲ ಮೊತ್ತ 8 ಲಕ್ಷ ರೂಪಾಯಿ; ವಯಸ್ಸು ಮತ್ತು ಕಾಯಿಲೆಯ ತೀವ್ರತೆ ಅದನ್ನು ಏರಿಳಿಸುತ್ತವೆ. 65 ದಾಟಿದ ಆರೋಗ್ಯವಂತರ ಸಾವಿಗೆ 32 ಲಕ್ಷ. ಅದೇ ವಯಸ್ಸಿನವರು ಆರು ತಿಂಗಳಿಗಿಂತ ಹೆಚ್ಚು ಬದುಕಲಾರರೆಂದು ಅಂದಾಜಿಸಿದ್ದರೆ 4 ಲಕ್ಷ. ಅತಿ ಹೆಚ್ಚು ಅಪಾಯ ಎದುರಿಸುವವರ ಜೀವಕ್ಕೆ ಅತಿ ಕಡಿಮೆ ಬೆಲೆ ಕಟ್ಟುವ ಈ ಸೂತ್ರ ಅನ್ಯಾಯವೆಂದೇ ನನ್ನ ಎಣಿಕೆ. ಅದು ಬದಲಾಗುವವರೆಗೆ, ಸೇರುವ ದಿನ ಕೇಸ್ ಶೀಟಿನಲ್ಲಿ ಕಾಯಿಲೆಯ ತೀವ್ರತೆಯ ಬಗ್ಗೆ ಏನು ಬರೆದಿದ್ದಾರೆಂದು ನೋಡಿಟ್ಟುಕೊಳ್ಳಿ.

ಹಳೆಯ ಔಷಧಗಳನ್ನೇ ಹೊಸದಾಗಿ ಸೇರಿಸಿ ವೈದ್ಯರೇ ನಡೆಸುವ ಶೈಕ್ಷಣಿಕ ಟ್ರಯಲ್‌ಗೆ ಕೇಂದ್ರದ ಅನುಮತಿ ಬೇಕಿಲ್ಲದಿರಬಹುದು. ಟ್ರಯಲ್‌ಗಳನ್ನು ಪರಿಶೀಲಿಸುವ ನೈತಿಕ ಸಮಿತಿಯ ಒಪ್ಪಿಗೆ ಮಾತ್ರ ಬೇಕೇ ಬೇಕು. ಭಾರತದ ಕ್ಲಿನಿಕಲ್ ಟ್ರಯಲ್ ದಾಖಲೆಯಾದ ಸಿಟಿಆರ್‌ಐನ ನೋಂದಣಿ ಸಂಖ್ಯೆಯನ್ನೂ ಕೇಳಿ ಪಡೆಯಿರಿ.

ನಡುವೆ ಯಾವಾಗ ಬೇಕಾದರೂ ಹೊರಬರಬಹುದು; ಹಾಗೆಂದು ಆಸ್ಪತ್ರೆ ಮಾಮೂಲಿ ಚಿಕಿತ್ಸೆ ನಿಲ್ಲಿಸುವಂತಿಲ್ಲ. ದೂರಿದ್ದರೆ ಮೊದಲು ನೈತಿಕ ಸಮಿತಿಗೆ ಬರೆದು ಕೊಡಿ. ವಕೀಲರ ನೆರವಿಗೆ 15100ಕ್ಕೆ ಫೋನ್ ಮಾಡಿ, ಇಲ್ಲವೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಮಹಿಳೆಯರಿಗೂ ಪರಿಶಿಷ್ಟರಿಗೂ ಆದಾಯ ಎಷ್ಟೇ ಇರಲಿ, ಆ ಸೇವೆ ಉಚಿತ.