21ಕ್ಕೇ ನಿಮಗೊಂದು ಕುರ್ಚಿ ಇದೆ

18 ತುಂಬಿದರೆ ಓಟು ಸಿಗುತ್ತದೆ ಅನ್ನುವುದು ನಿಮಗೆಲ್ಲ ಗೊತ್ತು. 21 ತುಂಬಿದರೆ ಶಿವಮೊಗ್ಗ ಮಹಾನಗರ ಪಾಲಿಕೆಗೋ ಭದ್ರಾವತಿ ನಗರಸಭೆಗೋ ನೀವೇ ನಿಲ್ಲಬಹುದು ಅನ್ನುವುದು ಎಷ್ಟು ಜನಕ್ಕೆ ಗೊತ್ತಿದೆ? ಶಾಸಕರಾಗಲು 25 ಬೇಕು. ಪಾಲಿಕೆ, ನಗರಸಭೆಗೆ 21 ಸಾಕೆಂದು ಸಂವಿಧಾನವೇ ಹೇಳಿದೆ, 243ವಿ ವಿಧಿ ತೆಗೆದು ಓದಿ. ಡಿಗ್ರಿ ಮುಗಿಸಿ, ಕೆಲಸ ಹುಡುಕುತ್ತಾ ಗೋಪಿ ವೃತ್ತದಲ್ಲಿ ಟೀ ಕುಡಿಯುವ ವಯಸ್ಸಿಗೇ ಊರು ನಡೆಸುವ ಕುರ್ಚಿಯನ್ನೂ ಇಟ್ಟಿದ್ದಾರೆ ಕಣ್ರಪ್ಪಾ.

ಭದ್ರಾವತಿಯಲ್ಲಿ ಕಾರ್ಖಾನೆ ಕೆಲಸ ಮಾಡಿ ನಿವೃತ್ತನಾದವನು ನಾನು. ರಾಜಕೀಯ ಪಕ್ಷದ ಬಾವುಟ ಹಿಡಿದವನಲ್ಲ. ಆದರೆ ಕಾರ್ಮಿಕ ಸಂಘದ ಗೇಟ್ ಮೀಟಿಂಗಿನಲ್ಲಿ ನಿಂತು, ಸಂಘದ ಚುನಾವಣೆಯಲ್ಲಿ ಚೀಟಿ ಹಾಕಿ, ನಡಾವಳಿ ಪುಸ್ತಕಕ್ಕೆ ಸಹಿ ಮಾಡಿ ಪಳಗಿದ ಕೈ. ಭಾಷಣ ಚೆನ್ನಾಗಿ ಮಾಡಿದವನಿಗೆ ಅಲ್ಲಿ ಚಪ್ಪಾಳೆ ಸಿಗುತ್ತಿತ್ತು. ಕೆಲಸ ಆಗುತ್ತಿದ್ದುದು ಮಾತ್ರ ಕ್ಯಾಂಟೀನ್ ಊಟದ ಬಗ್ಗೆಯೋ ಬೂಟಿನ ಬಗ್ಗೆಯೋ ದಿನಾಂಕ ಸಮೇತ ಬರೆದುಕೊಂಡು ಬಂದವನದು. ಸಣ್ಣ ವಿಷಯ ಹಿಡಿಯಿರಿ, ಅಳತೆಗೆ ಸಿಗುವ ವಿಷಯ ಹಿಡಿಯಿರಿ, ಉತ್ತರ ಬರುವ ತನಕ ಬಿಡಬೇಡಿ. ನಾನು ಹೇಳಬೇಕಾದ್ದು ಇಷ್ಟೇ. ಉಳಿದಿದ್ದೆಲ್ಲ ಇದಕ್ಕೆ ಪುರಾವೆ.

ನಮ್ಮ ಜಿಲ್ಲೆಯ ದೊಡ್ಡ ಹೋರಾಟವನ್ನೇ ನೋಡಿ. 1951ರ ಕಾಗೋಡು ಸತ್ಯಾಗ್ರಹ ಅಂದಕೂಡಲೇ ‘ಉಳುವವನೇ ಒಡೆಯ’ ಅನ್ನುತ್ತೀರಿ, ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ತಗೋತೀರಿ. ಅದರ ಬುಡದಲ್ಲಿದ್ದದ್ದು ಒಂದು ಕೊಳಗ. ಗೇಣಿ ಭತ್ತ ಅಳೆದುಕೊಳ್ಳುವಾಗ ಒಡೆಯರ ಕೊಳಗ ದೊಡ್ಡದು ಅನ್ನುವುದು ರೈತರ ತಕರಾರು. ಎಚ್. ಗಣಪತಿಯಪ್ಪನವರು ಗೇಣಿದಾರರನ್ನು ಕಟ್ಟಿದರು, ಸಮಾಜವಾದಿಗಳು ಜೊತೆಗೂಡಿದರು, ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಅವರೇ ಬಂದು ಬಂಧನಕ್ಕೊಳಗಾದರು. ಕೊಳಗದಿಂದ ಹೊರಟ ಮಾತು ಭೂಸುಧಾರಣೆಯ ಕಾನೂನಿನ ತನಕ ಹೋಯಿತು. ಸಿದ್ಧಾಂತ ಬೇಡ ಅನ್ನುತ್ತಿಲ್ಲ. ಕೊಳಗ ಇಲ್ಲದ ಬರೀ ಸಿದ್ಧಾಂತ ಹಾಸ್ಟೆಲ್ ಕೋಣೆ ದಾಟುವುದಿಲ್ಲ, ಅಷ್ಟೇ.

ಆ ಸತ್ಯಾಗ್ರಹದಲ್ಲಿದ್ದ ಶಾಂತವೇರಿ ಗೋಪಾಲಗೌಡರು ಹುಟ್ಟಿದ್ದು 1923ರಲ್ಲಿ. 1942ರ ಚಳವಳಿಯಲ್ಲಿ ವಿದ್ಯಾರ್ಥಿಯಾಗಿದ್ದಾಗಲೇ ಜೈಲು ಕಂಡವರು. 1952ರಲ್ಲಿ ವಿಧಾನಸಭೆಗೆ ಗೆದ್ದು ಹೋದಾಗ ಇನ್ನೂ 30 ತುಂಬಿರಲಿಲ್ಲ. ಓಟು ಕೇಳಲು ಹೋದಲ್ಲಿ ಒಂದು ನೋಟನ್ನೂ ಕೇಳುತ್ತಿದ್ದರಂತೆ: ‘ಒಂದು ಓಟು, ಒಂದು ನೋಟು’. ಈಗ ಓಟಿನ ಹಿಂದಿನ ರಾತ್ರಿ ನೋಟು ಯಾವ ದಿಕ್ಕಿಗೆ ಓಡಾಡುತ್ತದೆ ಅಂತ ನಾನು ಹೇಳಬೇಕಾಗಿಲ್ಲ. ಒಂದು ರೂಪಾಯಿ ಕೊಟ್ಟವನು ಐದು ವರ್ಷ ಲೆಕ್ಕ ಕೇಳುತ್ತಾನೆ, ಇಸಕೊಂಡವನಿಗೆ ಆ ಬಾಯಿ ಇರುವುದಿಲ್ಲ. ಶಿವಮೊಗ್ಗದ ಗೋಪಾಲಗೌಡ ಬಡಾವಣೆಯಲ್ಲಿ ಬಾಡಿಗೆ ಮನೆ ಮಾಡಿಕೊಂಡು ಓದುವ ಹುಡುಗರಿಗೆ ಆ ಹೆಸರು ಡೆಲಿವರಿ ಹುಡುಗನಿಗೆ ಹೇಳುವ ವಿಳಾಸವಾಗಿ ಮಾತ್ರ ಉಳಿದಿದ್ದರೆ, ಅದು ನಮ್ಮ ತಲೆಮಾರಿನವರು ಹೇಳಿಕೊಡದ ಕಾರಣಕ್ಕೆ.

‘ಅದೆಲ್ಲ ಹಳೇ ಕಾಲ ಅಜ್ಜಾ’ ಅನ್ನುತ್ತೀರೇನೋ. ಸರಿ, ಹುಲಿಕಲ್ ಘಾಟಿ ಇಳಿದು ಕುಂದಾಪುರದ ಕಡೆ ಬನ್ನಿ. ‘ದಿ ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್’ ಎಂಬ ಲಾಭದ ಉದ್ದೇಶವಿಲ್ಲದ ಸಂಸ್ಥೆಯ ಬೆಂಬಲದಲ್ಲಿ, ದುಡಿಯುವ ಮಕ್ಕಳು 1990ರಲ್ಲಿ ಭೀಮ ಸಂಘ ಕಟ್ಟಿಕೊಂಡರು. ಮುಂದೆ ಆ ತಾಲ್ಲೂಕಿನ ಹಳ್ಳಿಗಳಲ್ಲಿ ಮಕ್ಕಳ ಪಂಚಾಯಿತಿಗಳು ಹುಟ್ಟಿದವು. ಮಕ್ಕಳೇ ಓಟು ಹಾಕಿ ಮಕ್ಕಳನ್ನು ಆರಿಸುವುದು. ಅವರು ಕೇಳಿದ್ದು ಕ್ರಾಂತಿಯನ್ನಲ್ಲ. ಮಳೆಗಾಲದಲ್ಲಿ ಹಳ್ಳ ದಾಟಿ ಶಾಲೆಗೆ ಹೋಗಲು ಕಾಲುಸಂಕ ಕೇಳಿದರು. ಯಾವ ಮನೆಯ ಮಗು ಶಾಲೆ ಬಿಟ್ಟಿದೆ, ಏಕೆ ಬಿಟ್ಟಿದೆ ಅಂತ ತಾವೇ ಮನೆಮನೆ ತಿರುಗಿ ಬರೆದುಕೊಂಡು ದೊಡ್ಡವರ ಪಂಚಾಯಿತಿಯ ಮುಂದೆ ಇಟ್ಟರು. ಲೆಕ್ಕ ಕೈಯಲ್ಲಿ ಹಿಡಿದು ನಿಂತ ಮಗುವನ್ನು ‘ಹೋಗೋ ಆಚೆ’ ಅನ್ನಲು ಯಾವ ಅಧ್ಯಕ್ಷನಿಗೂ ಬಾಯಿ ಬರುವುದಿಲ್ಲ. ಇವತ್ತು ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮಸಭೆ ಎಂದು ನಡೆಯುತ್ತದಲ್ಲ, ಅದರ ಬೇರು ಅಲ್ಲೂ ಇದೆ.

ಈಗ ನಮ್ಮ ಪಟ್ಟಣಗಳ ವಿಷಯ. ಹಳ್ಳಿಯ ಮಗುವಿಗಿರುವ ಸಭೆ ಪೇಟೆಯ ಹುಡುಗನಿಗಿಲ್ಲ. ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘದ ನೇರ ಚುನಾವಣೆ ನಿಂತು ದಶಕಗಳೇ ಆದವು. ಗಲಾಟೆ ಆಗುತ್ತಿತ್ತು, ನಿಜ, ನಾನೂ ಕಂಡಿದ್ದೇನೆ. ಆದರೆ ಈಜು ಕಲಿಸದೆ 18ನೇ ವರ್ಷಕ್ಕೆ ಸೀದಾ ಭದ್ರೆಗೆ ನೂಕಿದ ಹಾಗಾಯಿತು ನಿಮ್ಮ ಸ್ಥಿತಿ. ಅಂಥದ್ದರಲ್ಲಿ ಕಾನೂನು ತೆರೆದಿಟ್ಟ ಒಂದು ಬಾಗಿಲಿದೆ. 3 ಲಕ್ಷ ಮತ್ತು ಅದಕ್ಕಿಂತ ಹೆಚ್ಚು ಜನಸಂಖ್ಯೆಯ ಊರುಗಳಲ್ಲಿ ವಾರ್ಡ್ ಸಮಿತಿ ಇರಬೇಕೆಂದು ಸಂವಿಧಾನದ 243ಎಸ್ ವಿಧಿ ಹೇಳುತ್ತದೆ. 2011ರ ಜನಗಣತಿಯಲ್ಲಿ ಶಿವಮೊಗ್ಗ 3.22 ಲಕ್ಷ. ಭದ್ರಾವತಿ ಸುಮಾರು ಒಂದೂವರೆ ಲಕ್ಷ, ಹಾಗಾಗಿ ನಮಗೆ ಆ ಭಾಗ್ಯ ತಾನಾಗಿ ಬರುವುದಿಲ್ಲ. ಶಿವಮೊಗ್ಗದವರೇ, ನಿಮ್ಮ ವಾರ್ಡಿನ ಸಮಿತಿ ಕಾಗದದ ಮೇಲಿದೆಯೋ ನೆಲದ ಮೇಲಿದೆಯೋ, ಕೊನೆಯ ಸಭೆ ಯಾವತ್ತು ಸೇರಿತ್ತು, ನಡಾವಳಿ ಎಲ್ಲಿದೆ ಅಂತ ಕೇಳಿ ನೋಡಿ. ಬಜೆಟ್‌ಗೆ ಮುಂಚೆ ಪಾಲಿಕೆ ಪೂರ್ವಭಾವಿ ಸಭೆ ಕರೆದರೆ ಹೋಗಿ ಕೂರಿ. ಅಲ್ಲಿಗೆ ಬರುವವರೆಲ್ಲ ನನ್ನ ವಯಸ್ಸಿನವರು, ನಮ್ಮ ಬೇಡಿಕೆ ಪಾರ್ಕಿನ ಕಲ್ಲುಬೆಂಚು ದಾಟುವುದು ಕಷ್ಟ.

ಕೇಳುವುದು ಹೇಗೆ ಅನ್ನುವುದನ್ನೂ ಹೇಳಿಬಿಡುತ್ತೇನೆ. ನಮ್ಮ ಬೀದಿಯ ಹುಡುಗರು ಚರಂಡಿ ಕಟ್ಟಿಕೊಂಡದ್ದನ್ನು ರೀಲ್ಸ್ ಮಾಡಿ ಹಾಕಿದರು. ಹಿನ್ನೆಲೆಗೆ ಸಿನಿಮಾ ಹಾಡು ಬೇರೆ. ಸಾವಿರಾರು ಜನ ನೋಡಿ ನಕ್ಕರು, ಚರಂಡಿ ಹಾಗೇ ನಾರುತ್ತಿತ್ತು. ಬಿ.ಕಾಂ. ಓದುವ ಒಬ್ಬ ಹುಡುಗಿ ಮಾತ್ರ ಬಿಳಿ ಹಾಳೆಯಲ್ಲಿ ಅರ್ಜಿ ಬರೆದಳು. ಯಾವ ಅಡ್ಡರಸ್ತೆ, ಯಾವ ಕಂಬದಿಂದ ಯಾವ ಕಂಬದವರೆಗೆ, ಎಷ್ಟು ದಿನದಿಂದ, ಎಲ್ಲ ಇತ್ತು ಅದರಲ್ಲಿ. ಎರಡು ಪ್ರತಿ. ನಗರಸಭೆಯ ಟಪಾಲು ವಿಭಾಗದಲ್ಲಿ ಕೂತಿದ್ದವರು ಒಂದನ್ನು ಇಸಕೊಂಡು ‘ಆಯ್ತು ಹೋಗಮ್ಮ’ ಅಂದರಂತೆ. ಇವಳು ಹೋಗಲಿಲ್ಲ. ಇನ್ನೊಂದು ಪ್ರತಿಯನ್ನು ಮೇಜಿನ ಮೇಲೆ ಇಟ್ಟು, ‘ಸೀಲು, ದಿನಾಂಕ, ಇನ್‌ವರ್ಡ್ ನಂಬರ್ ಹಾಕಿಕೊಡಿ ಸಾರ್’ ಅಂದಳು. ಮುಖ ಸಿಂಡರಿಸಿದರೂ ಹಾಕಿಕೊಟ್ಟರು. ಮರುವಾರ ಆ ನಂಬರ್ ಹಿಡಿದುಕೊಂಡೇ ಹೋದಳು. ಹೂಳು ತೆಗೆಯಲು ಆಳುಗಳು ಬಂದದ್ದು ಆ ನಂಬರಿಗೆ, ರೀಲ್ಸ್‌ಗಲ್ಲ.

ಉತ್ತರವೇ ಬರದಿದ್ದರೆ ಮಾಹಿತಿ ಹಕ್ಕು ಇದೆ. ಕರ್ನಾಟಕದಲ್ಲಿ ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಅರ್ಜಿ 150 ಪದ ಮೀರಬಾರದು, ಒಂದು ಅರ್ಜಿಗೆ ಒಂದೇ ವಿಷಯ. ಒಂದು ಹಾಳೆಯಲ್ಲಿ ಊರಿನ ಸಮಸ್ಯೆಯನ್ನೆಲ್ಲ ತುಂಬುವ ಚಟ ಇರುವವರಿಗೆ ಈ ನಿಯಮ ಒಳ್ಳೆಯ ಮೇಷ್ಟ್ರು. ಉತ್ತರ ಕೊಡಲೇಬೇಕು ಅನ್ನುವ ಏರ್ಪಾಡು ಯುರೋಪಿನಲ್ಲೂ ಒಂದಿದೆ. ಕನಿಷ್ಠ 7 ದೇಶಗಳಿಂದ 10 ಲಕ್ಷ ಸಹಿ ಕೂಡಿಸಿದರೆ ಐರೋಪ್ಯ ಒಕ್ಕೂಟದ ಆಯೋಗ ಆ ಬೇಡಿಕೆಗೆ ಉತ್ತರ ಕೊಡಲೇಬೇಕು, 2012ರಿಂದ ಜಾರಿಯಲ್ಲಿದೆ. ಅಲ್ಲಿನದೇ ದೇಶ ಆಸ್ಟ್ರಿಯಾ 2007ರಲ್ಲೇ 16 ತುಂಬಿದವರಿಗೆ ಓಟು ಕೊಟ್ಟಿತು. ಯುವಕರನ್ನು ಇದಕ್ಕೆಲ್ಲ ತಯಾರು ಮಾಡುವ ಪ್ರತಿಷ್ಠಾನಗಳೂ ಅಲ್ಲುಂಟು. ಬೆಂಗಳೂರಿನಲ್ಲಿ 2001ರಿಂದ ಜನಾಗ್ರಹ ಎಂಬ ಸಂಸ್ಥೆ ವಾರ್ಡ್ ಮಟ್ಟದಲ್ಲಿ ಇಂಥ ಕೆಲಸ ಮಾಡುತ್ತಿದೆ. ನಮ್ಮ ಊರಿಗೆ ಯಾರಾದರೂ ಬಂದು ಕಲಿಸಲಿ ಅಂತ ಕಾಯುತ್ತಾ ಕೂರಬೇಡಿ, ಬಂದರೆ ಬರಲಿ.

ಇನ್ನು ಮತದಾರರ ಪಟ್ಟಿ. ಭದ್ರಾವತಿಯ ಪೇಪರ್ ಮಿಲ್ಲು ನಿಂತಿತು, ಉಕ್ಕಿನ ಕಾರ್ಖಾನೆ ವಿಐಎಸ್‌ಎಲ್ ಮುಚ್ಚುವ ಮಾತು 2023ರಲ್ಲಿ ಬಂತು, ನಮ್ಮ ಅರ್ಧ ಮಕ್ಕಳು ಬೆಂಗಳೂರಿನ ಪಿಜಿಗಳಲ್ಲಿದ್ದಾರೆ. ಹೆಸರು ಇಲ್ಲಿ, ಮನುಷ್ಯ ಅಲ್ಲಿ. ಬದುಕು ಅಲ್ಲೇ ಅಂತ ಖಚಿತವಾಗಿದ್ದರೆ ನಮೂನೆ 8 ಕೊಟ್ಟು ಹೆಸರನ್ನೂ ಅಲ್ಲಿಗೇ ಕರೆದುಕೊಂಡು ಹೋಗಿ, ಅಲ್ಲಿನ ನೀರು, ಬಸ್ಸಿನ ಬಗ್ಗೆ ಬಾಯಿ ಮಾಡಲು ಹಕ್ಕಿರಲಿ. ಹೊಸಬರಿಗೆ ನಮೂನೆ 6. 17 ದಾಟಿದವರೂ ಮುಂಗಡವಾಗಿ ಅರ್ಜಿ ಹಾಕಬಹುದು. 18 ತುಂಬಿತೇ ಅಂತ ನೋಡಲು ಜನವರಿ 1 ಒಂದೇ ಅಲ್ಲ, ಏಪ್ರಿಲ್, ಜುಲೈ, ಅಕ್ಟೋಬರ್‌ನ ಮೊದಲ ತಾರೀಕುಗಳೂ ಈಗ ಲೆಕ್ಕಕ್ಕಿವೆ.

ಓಟಿನ ಬಗ್ಗೆ ನನಗೊಂದು ಸಿಟ್ಟಿದೆ, ಅದನ್ನು ನಿಮಗೆ ದಾಟಿಸುತ್ತಿದ್ದೇನೆ. ಜಿಲ್ಲಾ ಪಂಚಾಯಿತಿಗೆ 2016ರಲ್ಲಿ ಆರಿಸಿ ಬಂದವರ ಅವಧಿ 2021ಕ್ಕೆ ಮುಗಿಯಿತು, ಆಮೇಲೆ ವರ್ಷಗಟ್ಟಲೆ ಚುನಾವಣೆ ಇಲ್ಲ. ಶಿವಮೊಗ್ಗ ಪಾಲಿಕೆಗೆ 2018ರಲ್ಲಿ ಗೆದ್ದವರ ಅವಧಿ 2023ಕ್ಕೆ ಮುಗಿದು ಆಡಳಿತ ಅಧಿಕಾರಿಗಳ ಕೈಗೆ ಹೋಯಿತು. ಐದು ವರ್ಷ ತುಂಬುವ ಮೊದಲೇ ಚುನಾವಣೆ ಆಗಬೇಕು ಅನ್ನುವುದು ಸಂವಿಧಾನದ ಮಾತು. ಯುವಕರು ರಾಜಕೀಯಕ್ಕೆ ಬರುವುದಿಲ್ಲ ಅಂತ ದೂರುವವರು, ಬರುವ ಬಾಗಿಲಿಗೇ ಬೀಗ ಬಿದ್ದಾಗ ಸುಮ್ಮನಿರುತ್ತಾರೆ. ಪಕ್ಷ ಯಾವುದಾದರೂ ಇರಲಿ, ‘ನಮ್ಮ ಚುನಾವಣೆ ಯಾವಾಗ?’ ಎಂದು ಮನೆಗೆ ಬಂದ ಪ್ರತಿ ನಾಯಕನನ್ನೂ ಕೇಳಿ.

ಹೆಣ್ಣುಮಕ್ಕಳಿಗೆ ಒಂದು ಮಾತು ಬೇರೆಯೇ ಇದೆ. ಎರಡೂ ಊರುಗಳಲ್ಲಿ 35, 35 ವಾರ್ಡುಗಳು, ಅರ್ಧದಷ್ಟು ಮಹಿಳೆಯರಿಗೆ ಮೀಸಲು. ಆದರೂ ಎಷ್ಟೋ ಕಡೆ ಸದಸ್ಯೆಯ ಫೋನು ಎತ್ತುವುದು ಗಂಡ, ಗುತ್ತಿಗೆದಾರನ ಜೊತೆ ಸೈಟ್ ನೋಡಲು ಹೋಗುವುದು ಗಂಡ. ನಾಳೆ ನೀವು ಗೆದ್ದರೆ ಅಪ್ಪ, ಅಣ್ಣ, ಗಂಡ ಯಾರೇ ಇರಲಿ, ಸಭಾಂಗಣದ ಬಾಗಿಲಲ್ಲೇ ನಿಲ್ಲಿಸಿ ಒಳಗೆ ಹೋಗಿ. ಮೊದಲ ಸಭೆಯಲ್ಲೇ ನಡಾವಳಿ ಪುಸ್ತಕ ತರಿಸಿಕೊಂಡು ಹಿಂದಿನ ಸಭೆಯ ತೀರ್ಮಾನಗಳನ್ನು ಓದಿಸಿ, ಯಾವುದು ಆಯ್ತು, ಯಾವುದು ಆಗಲಿಲ್ಲ ಅಂತ ಒಂದೊಂದಾಗಿ ಕೇಳುತ್ತಾ ಹೋಗಿ.