ನೌಕರಿಯ ನಮೂನೆಯಲ್ಲಿ ನಿಜವನ್ನೇ ಬರೆಯಿರಿ



ಬಿತ್ತುವ ಮುಂಚೆ ನೀವು ನೂರು ಬೀಜಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿಟ್ಟು, ಎಷ್ಟು ಮೊಳೆಯುತ್ತವೆಂದು ನೋಡುತ್ತೀರಿ. ಸರ್ಕಾರವೂ ಹಾಗೆಯೇ. ಪೊಲೀಸು, ಅರೆಸೇನಾ ಪಡೆ ಮುಂತಾದ ಕೆಲಸಗಳಿಗೆ ಆಯ್ಕೆಯಾದ ಹುಡುಗನ ಪೂರ್ವಾಪರವನ್ನು ಪರಿಶೀಲಿಸಿ ನೋಡುತ್ತದೆ.

ಮೊನ್ನೆ ಕಣದ ಹತ್ತಿರ ಒಬ್ಬ ಹಿರಿಯರು ನನ್ನನ್ನು ಪಕ್ಕಕ್ಕೆ ಕರೆದರು. ಮಗ ಪೊಲೀಸು ಕೆಲಸಕ್ಕೆ ಆಯ್ಕೆಯಾಗಿದ್ದಾನೆ; ಆದರೆ ಹಿಂದೆ ಗೆಳೆಯರೊಡನೆ ಗಾಂಜಾ ಸೇದಿ ಸಿಕ್ಕಿಬಿದ್ದು ದಂಡ ಕಟ್ಟಿದ್ದ. “ಮುಗಿದ ಮಾತಲ್ಲವೇ ಸ್ವಾಮಿ? ಇಲ್ಲ ಅಂತ ಬರೆದರೆ ಯಾರಿಗೆ ಗೊತ್ತಾಗುತ್ತೆ?” ಎಂದು ಕೇಳಿದರು. “ಗೌಡರೇ, ಮೊದಲು ಗೊತ್ತಾಗುವುದು ಠಾಣೆಗೇ” ಎಂದೆ.

ಹೇಗೆಂದರೆ, ಆಯ್ಕೆಯಾದವರು ಒಂದು ದೃಢೀಕರಣ ನಮೂನೆಯನ್ನು ತುಂಬಿಕೊಡಬೇಕು. ಎಂದಾದರೂ ದಸ್ತಗಿರಿ ಆಗಿತ್ತೇ? ಮೊಕದ್ದಮೆ ನಡೆದಿತ್ತೇ? ದಂಡ ಬಿದ್ದಿತ್ತೇ? ಯಾವುದಾದರೂ ಮೊಕದ್ದಮೆ ಬಾಕಿ ಇದೆಯೇ? ಎಂದು ಅದರಲ್ಲಿ ಕೇಳಿರುತ್ತದೆ. ಬರೆದ ಉತ್ತರವನ್ನು ಪೊಲೀಸರು ತಮ್ಮ ದಾಖಲೆಯೊಡನೆ ತಾಳೆ ನೋಡುತ್ತಾರೆ.

ಹಾಗಾದರೆ ಒಮ್ಮೆ ತಪ್ಪಿದವನಿಗೆ ಬಾಗಿಲು ಮುಚ್ಚಿತೇ? ಇಲ್ಲ. 2016ರಲ್ಲಿ ಸುಪ್ರೀಂ ಕೋರ್ಟು ಅವತಾರ್ ಸಿಂಗ್ ಮೊಕದ್ದಮೆಯಲ್ಲಿ ಇದನ್ನು ವಿವರಿಸಿದೆ. ನಮೂನೆಯಲ್ಲಿ ಕೇಳಿದ್ದಕ್ಕೆ ನಿಜವನ್ನೇ ಹೇಳಬೇಕು. ಕೇಳದ್ದನ್ನು ಹೇಳಲಿಲ್ಲವೆಂದು ಯಾರನ್ನೂ ತಪ್ಪಿತಸ್ಥರನ್ನಾಗಿ ಮಾಡುವಂತಿಲ್ಲ. ಎಳೆಯ ವಯಸ್ಸಿನ ಸಣ್ಣ ತಪ್ಪನ್ನು ಮುಚ್ಚಿಟ್ಟಿದ್ದರೆ ಅಧಿಕಾರಿಗಳು ಮನ್ನಿಸಬಹುದು, ಮನ್ನಿಸದೆಯೂ ಇರಬಹುದು. ನಿಜ ಹೇಳಿದವನಿಗೂ ಕೆಲಸ ಕೊಡಲೇಬೇಕೆಂಬ ಕಟ್ಟುಪಾಡಿಲ್ಲ. ಆದರೆ ಸುಳ್ಳು ಬರೆದರೆ ಹಳೆಯ ತಪ್ಪಿನ ಜೊತೆಗೆ ಹೊಸದೊಂದು ತಪ್ಪು ಸೇರುತ್ತದೆ. ಕೆಲಸಕ್ಕೆ ಸೇರಿದ ಮೇಲೂ ಅದರಿಂದ ಕೆಲಸ ಹೋಗಬಹುದು. ಇಷ್ಟನ್ನೇ ನಾನು ಗೌಡರಿಗೆ ಹೇಳಿದೆ. ಕೆಲಸ ಸಿಕ್ಕೇ ಸಿಗುತ್ತದೆಂದು ಹೇಳಲಿಲ್ಲ.

18 ವರ್ಷ ತುಂಬುವ ಮುಂಚೆ ಸೇದಿ ಸಿಕ್ಕಿಬಿದ್ದಿದ್ದರೆ, ಆ ಕಾರಣಕ್ಕೆ ಹುಡುಗ ಅನರ್ಹನಾಗಬಾರದೆಂದು 2015ರ ಬಾಲನ್ಯಾಯ ಕಾಯ್ದೆ ಹೇಳುತ್ತದೆ. ಇಂತಹ ಸಂದರ್ಭದಲ್ಲಿ ನಮೂನೆ ತುಂಬುವ ಮುಂಚೆ ವಕೀಲರನ್ನು ಕೇಳಿರಿ.

ಇನ್ನು ನಮ್ಮ ಹೊಲದ ಮಾತು. 1985ರ ಮಾದಕ ವಸ್ತು ಕಾಯ್ದೆಯ ಪ್ರಕಾರ ಗಾಂಜಾ ಸೇದಿದ್ದಕ್ಕೆ 6 ತಿಂಗಳವರೆಗೆ ಸಜೆ, ಇಲ್ಲವೆ 10,000 ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ ಉಂಟು. ಬೆಳೆದವನಿಗಾದರೋ 10 ವರ್ಷಗಳವರೆಗೆ ಕಠಿಣ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ. ಬೆಳೆಯ ನಡುವೆ ನಾಲ್ಕೇ ಗಿಡ ಹಾಕಿದರೂ ಅದು ಬೆಳೆದಂತೆಯೇ. ಹೊಲದಲ್ಲಿ ಕೈಯಾಡಿಸಿದ ಮಗನೂ ಅದೇ ಮೊಕದ್ದಮೆಯಲ್ಲಿ ಸಿಕ್ಕಿಕೊಳ್ಳಬಹುದು.

ಚಟ ಹತ್ತಿದ್ದರೆ ಅವಿತಿಡಬೇಡಿ. ಸೇವನೆಗಾಗಿ ಸಿಕ್ಕಿಬಿದ್ದ ವ್ಯಸನಿಯು ತಾನಾಗಿಯೇ ಸರ್ಕಾರಿ ಅಥವಾ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆಗೆ ಸೇರಿ ಅದನ್ನು ಪೂರ್ಣಗೊಳಿಸಿದರೆ, ಮೊಕದ್ದಮೆಯಿಂದ ರಕ್ಷಣೆ ಕೊಡುವ 64ಎ ಕಲಮು ಆ ಕಾಯ್ದೆಯಲ್ಲೇ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ, ಧಾರವಾಡದ ಡಿಮ್ಹಾನ್ಸ್‌ನಲ್ಲಿ ಚಿಕಿತ್ಸೆ ದೊರೆಯುತ್ತದೆ. 14446ಕ್ಕೆ ದುಡ್ಡಿಲ್ಲದೆ ಫೋನು ಮಾಡಿ ಸಲಹೆ ಕೇಳಬಹುದು.

ನೆನಪಿಡಬೇಕಾದ ಅಂಶಗಳು:

1. ನಮೂನೆಯ ಪ್ರತಿಯೊಂದು ಪ್ರಶ್ನೆಯನ್ನೂ ನಿಧಾನವಾಗಿ ಓದಿರಿ.
2. ಖುಲಾಸೆಯಾದ ಮೊಕದ್ದಮೆಯಾದರೂ, ಕೇಳಿದ್ದರೆ ಬರೆಯಿರಿ.
3. ತೀರ್ಪಿನ ಪ್ರತಿ, ದಂಡ ಕಟ್ಟಿದ ರಸೀತಿಗಳನ್ನು ಜೋಪಾನವಾಗಿಡಿರಿ.
4. ಹೊಲದಲ್ಲಿ ಗಾಂಜಾ ಗಿಡಕ್ಕೆ ಎಡೆಗೊಡಬೇಡಿರಿ.

ಓದಬಲ್ಲವರು ಈ ಪಾಠವನ್ನು ಓದಲಾರದ ತಂದೆ ತಾಯಿಗಳಿಗೆ ಓದಿ ಹೇಳಬೇಕಾಗಿ ಕೋರುತ್ತೇನೆ.